ಮಳೆಕಾಡಿನ ಲೆಕ್ಕವನ್ನು ಪರಿಶೋಧಿಸುವವರು ಯಾರು?

ಪಶ್ಚಿಮಘಟ್ಟಗಳ ಮಳೆಕಾಡಿನ ವಿಷಯವು ಪ್ರಸ್ತಾಪಕ್ಕೆ ಬಂದಾಗಲೆಲ್ಲ ನಮ್ಮ ಸಮಾಜದ ಸಭೆಗಳಲ್ಲಿ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು ವೇದಿಕೆಯಿಂದ ಬರುವ ಮಾತು: "ಕಾಡನ್ನು ಹಾಳುಗೆಡವಿದ್ದೇ ಈ ವಿಜ್ಞಾನ. ಗಿಡಮರಗಳಲ್ಲಿ ಜೀವವಿದೆಯೆಂದು ನಮ್ಮ ಆಚಾರ್ಯರು ಎಂದೋ ಹೇಳಿದ್ದಾರೆ. ಅಷ್ಟನ್ನು ತಿಳಿದರೆ ಸಾಕು." ಎರಡನೆಯದು ಸಭೆ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಬರುವ ಮಾತು: "ವಿಜ್ಞಾನಿಗಳಿಗೇನು, ವರದಿ ಬರೆದು ಹೋಗುತ್ತಾರೆ. ರಸ್ತೆ ಬೇಡ, ಅಣೆಕಟ್ಟು ಬೇಡ, ಗಣಿ ಬೇಡ ಎಂದರೆ ನಾಡು ಮುಂದುವರಿಯುವುದು ಹೇಗೆ?"

ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವಾದ ಮಾತುಗಳು. ಆದರೆ ಎರಡರ ಫಲವೂ ಒಂದೇ: ವಿಜ್ಞಾನವನ್ನು ಕೇಳಬೇಕಾಗಿಲ್ಲ ಎಂಬುದು. ಒಬ್ಬರು ಧರ್ಮದ ಹೆಸರಿನಲ್ಲಿ ಕಿವಿ ಮುಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ಅಭಿವೃದ್ಧಿಯ ಹೆಸರಿನಲ್ಲಿ. ಈ ಎರಡು ನಿಲುವುಗಳನ್ನೂ ಖಂಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಾನು ಸಸ್ಯಶಾಸ್ತ್ರಜ್ಞನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ, ನಾಲ್ಕು ದಶಕಗಳ ಕಾಲ ಅಂಗಡಿಯ ಖಾತೆಪುಸ್ತಕಗಳನ್ನು ನೋಡಿಕೊಂಡು ಬಂದವನು. ಆದುದರಿಂದ ವರ್ತಕನಿಗೆ ತಿಳಿಯುವ ಭಾಷೆಯಲ್ಲಿಯೇ ನನ್ನ ವಾದವನ್ನು ಹೇಳುತ್ತೇನೆ. ಮಳೆಕಾಡಿನ ಸೀಮೆಯಲ್ಲಿ ಸುಸ್ಥಿರವಾದ ಅಭಿವೃದ್ಧಿ ನಡೆಯಬೇಕಾದರೆ ವಿಜ್ಞಾನಕ್ಕೆ ಸಲ್ಲಬೇಕಾದದ್ದು ಸ್ವತಂತ್ರ ಲೆಕ್ಕಪರಿಶೋಧಕನ ಸ್ಥಾನ. ನಾವು ಇಂದು ಅದಕ್ಕೆ ಕೊಟ್ಟಿರುವುದು ಯಜಮಾನನು ತೀರ್ಮಾನ ಮಾಡಿ ಮುಗಿಸಿದ ಮೇಲೆ ಕಾಗದಕ್ಕೆ ಮೊಹರು ಒತ್ತುವ ಗುಮಾಸ್ತನ ಸ್ಥಾನ.

ನಲ್ಲಿಯ ಇನ್ನೊಂದು ತುದಿ

"ಜಯನಗರ, ಬನಶಂಕರಿಗಳಲ್ಲಿ ಕುಳಿತ ನಮಗೂ ಮಲೆನಾಡಿನ ಕಾಡಿಗೂ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. ಸಂಬಂಧವು ಅವರ ಅಡಿಗೆಮನೆಯಲ್ಲಿಯೇ ಇದೆ. ಕಾವೇರಿ ಕುಡಿಯುವ ನೀರಿನ ಯೋಜನೆಯ ಮೊದಲ ಹಂತವು ಬೆಂಗಳೂರನ್ನು ಮುಟ್ಟಿದ್ದು ೧೯೭೪ರಲ್ಲಿ. ಐದನೆಯ ಹಂತವು ೨೦೨೪ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತು. ಅದೊಂದರ ಸಾಮರ್ಥ್ಯವೇ ದಿನಕ್ಕೆ ೭೭೫ ದಶಲಕ್ಷ ಲೀಟರು. ಸುಮಾರು ನೂರು ಕಿಲೋಮೀಟರು ದೂರದಿಂದ ಎತ್ತರಕ್ಕೆ ಪಂಪು ಮಾಡಿ ತರುವ ಈ ನೀರು ಕೊಳವೆಯಲ್ಲಿ ಹುಟ್ಟಿದ್ದಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ, ಹೇಮಾವತಿ ಹುಟ್ಟುವ ಚಿಕ್ಕಮಗಳೂರಿನ ಮಲೆಗಳಲ್ಲಿ, ಕಬಿನಿ ಹುಟ್ಟುವ ವಯನಾಡಿನಲ್ಲಿ ಕಾಡಿನ ಮಣ್ಣು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಟ್ಟ ನೀರು ಅದು.

ವಿದ್ಯುತ್ತಿನ ಮಾತೂ ಹಾಗೆಯೇ. ೧೯೪೮ರಲ್ಲಿ ಜೋಗದ ವಿದ್ಯುದಾಗಾರವು ಪ್ರಾರಂಭವಾದಾಗಿನಿಂದ, ಅದರಲ್ಲಿಯೂ ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗಿನಿಂದ, ಶರಾವತಿಯು ಬೆಂಗಳೂರಿನ ಮನೆಗಳಿಗೂ ಕಾರ್ಖಾನೆಗಳಿಗೂ ಬೆಳಕು ಕೊಟ್ಟಿದ್ದಾಳೆ. ಆ ಜಲಾಶಯಕ್ಕಾಗಿ ಮನೆಮಠ ಮುಳುಗಿಸಿಕೊಂಡ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನ ದಾಟಿದ ಮೇಲೂ ಕಚೇರಿಗಳಿಗೆ ಅಲೆದಿವೆ. ಇಷ್ಟು ಸಾಲದೆಂಬಂತೆ ೨೦೧೯ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಪ್ರಸ್ತಾವವೂ ಬಂದಿತು. ಶಿವಮೊಗ್ಗ ಜಿಲ್ಲೆಯ ಜನ ಬೀದಿಗಿಳಿದು ವಿರೋಧಿಸಿದರು. ನಾವು ಆ ಕಾಡಿನ ಆಸ್ತಿಯಲ್ಲಿ ಲಾಭಾಂಶ ಪಡೆಯುತ್ತಿರುವ ಪಾಲುದಾರರು. ಪಾಲುದಾರನಾದವನು ವರ್ಷಕ್ಕೊಮ್ಮೆಯಾದರೂ ಲೆಕ್ಕಪತ್ರವನ್ನು ಕೇಳಬೇಡವೇ?

ಅಸಲು ಯಾವುದು, ಬಡ್ಡಿ ಯಾವುದು?

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬಹುಪಾಲು ಬೀಳುವುದು ನಾಲ್ಕೇ ತಿಂಗಳಲ್ಲಿ. ನಾಲ್ಕು ತಿಂಗಳ ಆದಾಯವನ್ನು ಹನ್ನೆರಡು ತಿಂಗಳಿಗೆ ಹಂಚಿಕೊಡುವ ಕೆಲಸವನ್ನು ಮಾಡುವುದು ಕಾಡು. ಎಲೆಯ ಹೊದಿಕೆಯು ಹನಿಯ ಪೆಟ್ಟನ್ನು ತಡೆಯುತ್ತದೆ. ತರಗೆಲೆಯೂ ಬೇರುಗಳೂ ಎರೆಹುಳುಗಳೂ ಸಡಿಲಗೊಳಿಸಿದ ಮಣ್ಣಿನೊಳಗೆ ನೀರು ಇಳಿಯುತ್ತದೆ. ಇಳಿದ ನೀರು ಬೇಸಗೆಯಲ್ಲಿ ಹಳ್ಳವಾಗಿ ಹೊರಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು ಉತ್ತರ ಕನ್ನಡದ ಹಳ್ಳಗಳನ್ನು ಅಧ್ಯಯನ ಮಾಡಿ ತೋರಿಸಿದ್ದು ಇದನ್ನೇ: ಸಹಜ ಕಾಡು ಹೆಚ್ಚಾಗಿ ಉಳಿದಿರುವ ಕಡೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಸವೆದಿರುವ ಕಡೆ, ಅಷ್ಟೇ ಮಳೆ ಬಿದ್ದರೂ, ಬೇಸಗೆಗೆ ಮುನ್ನವೇ ಬತ್ತುತ್ತದೆ. ವರ್ತಕನ ಮಾತಿನಲ್ಲಿ ಹೇಳುವುದಾದರೆ ಕಾಡು ಅಸಲು, ನೀರು ಬಡ್ಡಿ. ಅಸಲನ್ನೇ ಖರ್ಚುಮಾಡಿ ಅದನ್ನು ಆದಾಯವೆಂದು ಬರೆದುಕೊಳ್ಳುವ ಅಂಗಡಿ ಎಷ್ಟು ದಿನ ನಡೆದೀತು?

"ಕಡಿದಷ್ಟೇ ಮರಗಳನ್ನು ಬೇರೆಡೆ ನೆಟ್ಟರಾಯಿತು" ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಇಲ್ಲಿಯೂ ವಿಜ್ಞಾನದ ಸಾಕ್ಷ್ಯ ಬೇರೆಯೇ ಇದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಂಥ ಕಡೆಗಳಲ್ಲಿ ರಾಮಪತ್ರೆಯ ಜಾತಿಯ ಮರಗಳು ನಿಂತ ನೀರಿನ ಜೌಗಿನಲ್ಲಿ ಬೆಳೆಯುತ್ತವೆ. ಉಸಿರಾಟಕ್ಕಾಗಿ ಬೇರುಗಳನ್ನು ಮಂಡಿಯಂತೆ ಮಡಿಸಿ ನೀರಿನ ಮೇಲಕ್ಕೆ ಚಾಚುತ್ತವೆ. ಅವುಗಳ ಬೀಜ ದೊಡ್ಡದು, ತೇವವುಳ್ಳದ್ದು. ರಾಗಿ ಭತ್ತಗಳ ಹಾಗೆ ಒಣಗಿಸಿ ಕಣಜದಲ್ಲಿ ಇಡಲು ಬರುವುದಿಲ್ಲ, ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದನ್ನು ದೂರಕ್ಕೆ ಒಯ್ದು ಬೀಳಿಸುವುದು ಮಂಗಟ್ಟೆಯಂಥ ದೊಡ್ಡ ಹಕ್ಕಿ. ಹಕ್ಕಿಯಿಲ್ಲದಿದ್ದರೆ ಮರವಿಲ್ಲ, ಮರವಿಲ್ಲದಿದ್ದರೆ ಜೌಗಿಲ್ಲ, ಜೌಗಿಲ್ಲದಿದ್ದರೆ ಕೆಳಗಿನ ತೋಟದ ಹಳ್ಳವಿಲ್ಲ. ಅಂಥ ಕಾಡಿಗೆ ಬದಲಾಗಿ ಬಯಲಿನಲ್ಲಿ ಅಕೇಶಿಯಾದ ಸಾಲು ನೆಟ್ಟು ಲೆಕ್ಕ ಸರಿದೂಗಿತೆಂದು ಬರೆಯುವುದು, ಚಿನ್ನವನ್ನು ಒಯ್ದು ಅದೇ ತೂಕದ ಕಬ್ಬಿಣವನ್ನು ಇಟ್ಟುಹೋದಂತೆ. ಇದೇ ಕತ್ತಲೆಕಾನಿನಲ್ಲಿ ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ಒಂದು ಮರದ ಜಾತಿಯನ್ನು ಗುರುತಿಸಿ, ಆ ಕಾಡಿನ ಹೆಸರನ್ನೇ ಇಟ್ಟು ೨೦೦೦ದಲ್ಲಿ ಪ್ರಕಟಿಸಲಾಯಿತು. ನಮ್ಮ ಉಗ್ರಾಣದಲ್ಲಿ ಏನೇನಿದೆಯೆಂಬ ಪಟ್ಟಿಯೇ ಇನ್ನೂ ಪೂರ್ಣವಾಗಿಲ್ಲ. ಆಗಲೇ ಹರಾಜಿಗೆ ಹೊರಟಿದ್ದೇವೆ.

ಗಿಡಮರಗಳಲ್ಲಿ ಜೀವವಿದೆಯೆಂಬ ತಿಳಿವಳಿಕೆ ನಮಗೆ ಪರಂಪರೆಯಿಂದ ಬಂದ ಸಂಪತ್ತು. ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಯಾವ ಮರದ ಬೀಜ ಎಷ್ಟು ದಿನ ಬದುಕುತ್ತದೆ, ಯಾವ ಇಳಿಜಾರಿನ ಮಣ್ಣು ಎಷ್ಟು ನೀರನ್ನು ತಾಳುತ್ತದೆ ಎಂಬುದನ್ನು ಶ್ರದ್ಧೆಯೊಂದರಿಂದಲೇ ತಿಳಿಯಲಾಗದು. ಅದಕ್ಕೆ ಹೊಲಕ್ಕೆ, ಹಳ್ಳಕ್ಕೆ, ಕಾಡಿಗೆ ಇಳಿದು ಅಳೆಯಬೇಕು. "ಎಲ್ಲವನ್ನೂ ನಮ್ಮ ಹಿರಿಯರು ಹೇಳಿದ್ದಾರೆ" ಎನ್ನುವುದು ಹಿರಿಯರಿಗೆ ತೋರುವ ಗೌರವವಾಗದು. ಅದು ನಮ್ಮ ಆಲಸ್ಯಕ್ಕೆ ಹೊದಿಸಿದ ಶಾಲು.

ಬಿದಿರಿನ ಮುಳ್ಳು ಕಲಿಸಿದ ಪಾಠ

ವಿಜ್ಞಾನವೆಂದರೆ ನಗರದಿಂದ ಬಂದವರ ಅಹಂಕಾರ ಎಂದು ತಿಳಿದವರು ಉತ್ತರ ಕನ್ನಡದ ಬಿದಿರಿನ ವೃತ್ತಾಂತವನ್ನು ಅರಿಯಬೇಕು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಪೂರೈಸುತ್ತಿದ್ದ ಕಾಡುಗಳಲ್ಲಿ ಬಿದಿರು ವೇಗವಾಗಿ ಕ್ಷೀಣಿಸಿದಾಗ, ೧೯೭೦ರ ದಶಕದಲ್ಲಿ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಅದರ ಕಾರಣವನ್ನು ಅಧ್ಯಯನ ಮಾಡಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಕಂಟಿಯ ಆವರಣವಿರುತ್ತದೆ. ಅದನ್ನು ಸವರಿ ತೆಗೆದರೆ ಮೆಳೆ ಚೊಕ್ಕಟವಾಗಿ ಬೆಳೆಯುತ್ತದೆಂದು ಅಧಿಕೃತ ನಂಬಿಕೆಯಿತ್ತು, ಹಾಗೆಯೇ ಮಾಡಿಸಲಾಗುತ್ತಿತ್ತು. ಹಳ್ಳಿಗರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಎಳೆಯ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಬಿಡುತ್ತವೆ, ಮೆಳೆ ಸಾಯುತ್ತದೆ ಎಂದು. ಗಾಡ್ಗೀಳರು ಯಾರ ಮಾತನ್ನೂ ಹಾಗೆಯೇ ನಂಬಲಿಲ್ಲ, ಹಾಗೆಯೇ ತಳ್ಳಿಹಾಕಲೂ ಇಲ್ಲ. ಅಳೆದು ನೋಡಿದರು. ಹಳ್ಳಿಗರ ಮಾತು ನಿಜವಾಗಿತ್ತು.

ವಿಜ್ಞಾನದ ನಿಜವಾದ ಸ್ವಭಾವ ಇದು. ಅಧಿಕಾರಿಯ ಮಾತಿಗೂ ರೈತನ ಮಾತಿಗೂ ಒಂದೇ ತಕ್ಕಡಿ, ಒಂದೇ ತೂಕದ ಬಟ್ಟು. ಅನೇಕಾಂತದ ವಿಷಯವನ್ನು ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಆದರೆ "ಎಲ್ಲರದೂ ಸ್ವಲ್ಪ ಸ್ವಲ್ಪ ಸರಿ" ಎಂಬ ಜಾಣತನಕ್ಕೆ ಅದನ್ನು ಇಳಿಸಿಬಿಟ್ಟಿದ್ದೇವೆ. ಪ್ರತಿಯೊಂದು ನಯವನ್ನೂ ಪ್ರಮಾಣದಿಂದ ಪರೀಕ್ಷಿಸಬೇಕೆಂಬುದನ್ನು ಮರೆತ ಅನೇಕಾಂತವು ಬರಿಯ ಸೌಜನ್ಯವಾಗುತ್ತದೆ, ಜ್ಞಾನವಾಗುವುದಿಲ್ಲ.

ಲೆಕ್ಕ ಕೇಳಿದವರು ಗೆದ್ದ ಎರಡು ಪ್ರಸಂಗಗಳು

ಜನರೇ ವಿಜ್ಞಾನವನ್ನು ಕರೆತಂದ ಉದಾಹರಣೆ ಶಿರಸಿಯಲ್ಲಿದೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯು ಮುಂದೆ ಬಂದಾಗ ಅಲ್ಲಿನ ಅಡಿಕೆ ತೋಟಿಗರು ಘೋಷಣೆ ಕೂಗುವುದಕ್ಕೇ ನಿಲ್ಲಲಿಲ್ಲ. ೧೯೮೦ರ ದಶಕದ ಆರಂಭದಲ್ಲಿ ತೋಟಗಾರರ ಸಹಕಾರಿ ಸಂಘದವರು ಪರಿಸರ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಶಿರಸಿಗೆ ಆಹ್ವಾನಿಸಿ, ಯೋಜನೆಯ ಲಾಭನಷ್ಟಗಳನ್ನು ಅಂಕಿಅಂಶಸಹಿತ ಚರ್ಚೆಗೆ ಇಟ್ಟರು. ಮುಳುಗುವ ತೋಟವೆಷ್ಟು, ಕಾಡೆಷ್ಟು, ದೊರೆಯುವ ವಿದ್ಯುತ್ತೆಷ್ಟು ಎಂಬುದನ್ನು ಎದುರುಬದುರು ಇಟ್ಟು ನೋಡಿದಾಗ ಯೋಜನೆಯ ಸಮರ್ಥನೆ ದುರ್ಬಲವಾಯಿತು; ಅದನ್ನು ಕೈಬಿಡಲಾಯಿತು. ಅದೇ ಸೀಮೆಯ ಸಾಲ್ಕಣಿಯ ಕಾಡಿನಲ್ಲಿ ೧೯೮೩ರ ಸೆಪ್ಟೆಂಬರ್ ೮ರಂದು ಅಪ್ಪಿಕೋ ಚಳವಳಿಯು ಹುಟ್ಟಿದ್ದನ್ನು ಎಲ್ಲರೂ ನೆನೆಯುತ್ತಾರೆ. ಮರವನ್ನು ಅಪ್ಪಿಕೊಂಡ ಚಿತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಲೆಕ್ಕ ಹಾಕಿದ ಸಭೆಯನ್ನು ಯಾರೂ ನೆನೆಯುವುದಿಲ್ಲ. ವರ್ತಕ ಸಮಾಜದವರಾದ ನಾವಾದರೂ ಅದನ್ನು ನೆನೆಯಬೇಕು.

ಎರಡನೆಯದು ಕುದುರೆಮುಖದ ಪ್ರಸಂಗ. ೧೯೭೬ರಲ್ಲಿ ಸ್ಥಾಪಿತವಾದ ಸರ್ಕಾರಿ ಉದ್ಯಮವು ಭದ್ರಾ ನದಿಯ ಮೂಲದ ಬೆಟ್ಟಗಳನ್ನು ಅಗೆದು, ಅದಿರನ್ನು ಕೆಸರುರೂಪದಲ್ಲಿ ೬೭ ಕಿಲೋಮೀಟರು ಉದ್ದದ ಕೊಳವೆಯ ಮೂಲಕ ಮಂಗಳೂರಿನ ಬಂದರಿಗೆ ಕಳುಹಿಸುತ್ತಿತ್ತು. ಉದ್ಯೋಗವಿತ್ತು, ವಿದೇಶೀ ವಿನಿಮಯವಿತ್ತು, ಊರಿಗೆ ಊರೇ ಬೆಳೆದಿತ್ತು. ಇದನ್ನು ಅಲ್ಲಗಳೆಯಬಾರದು. ಆದರೆ ಮಳೆಗಾಲದಲ್ಲಿ ಭದ್ರೆಯ ನೀರಿನಲ್ಲಿ ಹರಿದ ಹೂಳನ್ನು ಸಂಶೋಧಕರು ಅಳೆದಾಗ, ಜಲಾನಯನದ ಅತಿಚಿಕ್ಕ ಭಾಗವಾದ ಗಣಿಪ್ರದೇಶವೇ ಹೂಳಿನ ಬಹುದೊಡ್ಡ ಪಾಲನ್ನು ಕೊಡುತ್ತಿದ್ದುದು ಕಂಡುಬಂದಿತು. ಆ ಹೂಳು ಕೆಳಗಿನ ಜಲಾಶಯಕ್ಕೆ, ಕೃಷಿಕನ ನೀರಿಗೆ ಸೇರುವ ಖರ್ಚು. ಉದ್ಯಮದ ವಾರ್ಷಿಕ ಲೆಕ್ಕಪತ್ರದಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ೨೦೦೨ರ ಆದೇಶದ ಮೇರೆಗೆ ೨೦೦೫ರ ಅಂತ್ಯಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಲಾಭವನ್ನು ಒಬ್ಬರ ಖಾತೆಗೂ ನಷ್ಟವನ್ನು ಮತ್ತೊಬ್ಬರ ಖಾತೆಗೂ ಬರೆಯುವುದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಹೆಸರಿದೆ. ಆ ಹೆಸರು ಅಭಿವೃದ್ಧಿ ಎಂದಲ್ಲ.

ಎರಡು ವರದಿಗಳು, ಆರು ಕರಡುಗಳು

ಹೀಗೆ ಒಂದೊಂದು ಯೋಜನೆಗೆ ಒಂದೊಂದು ಹೋರಾಟ ಮಾಡುವ ಬದಲು ಇಡೀ ಘಟ್ಟಸಾಲಿನ ಲೆಕ್ಕವನ್ನು ಒಮ್ಮೆಗೇ ನೋಡುವ ಅವಕಾಶ ಈ ಶತಮಾನದಲ್ಲಿ ದೊರೆಯಿತು. ಕೇಂದ್ರ ಸರ್ಕಾರವು ೨೦೧೦ರಲ್ಲಿ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿಯು ೨೦೧೧ರ ಆಗಸ್ಟಿನಲ್ಲಿ ವರದಿಯನ್ನು ಒಪ್ಪಿಸಿತು. ವರದಿಯ ಗತಿ ಏನಾಯಿತು? ತಿಂಗಳುಗಟ್ಟಲೆ ಅದು ಬೆಳಕು ಕಾಣಲಿಲ್ಲ. ಮಾಹಿತಿ ಹಕ್ಕಿನ ಅಡಿಯಲ್ಲಿ ಹೋರಾಟ ನಡೆದ ಮೇಲೆ ೨೦೧೨ರಲ್ಲಿ ಪ್ರಕಟವಾಯಿತು. ಅಷ್ಟು ಹೊತ್ತಿಗೆ ಇಂಗ್ಲಿಷಿನಲ್ಲಿದ್ದ ಆ ವರದಿಯನ್ನು ಓದದವರೇ "ರೈತರನ್ನು ಒಕ್ಕಲೆಬ್ಬಿಸುತ್ತಾರೆ" ಎಂಬ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿಯಾಗಿತ್ತು. ತೀರ್ಮಾನಗಳನ್ನು ಗ್ರಾಮಸಭೆಗಳ ಮುಂದೆ ಇಡಬೇಕೆಂದು ಹೇಳಿದ ವರದಿಯನ್ನೇ ಗ್ರಾಮಸಭೆಗಳ ಕಣ್ಣಿಗೆ ಬೀಳದಂತೆ ಇಟ್ಟುಕೊಂಡು, ಅದು ಜನವಿರೋಧಿಯೆಂದು ಸಾರಲಾಯಿತು.

ಆ ಬಳಿಕ ಇಸ್ರೋ ಸಂಸ್ಥೆಯ ಮಾಜಿ ಅಧ್ಯಕ್ಷರಾದ ಕಸ್ತೂರಿರಂಗನ್ನರ ನೇತೃತ್ವದ ಎರಡನೆಯ ಸಮಿತಿಯು ಉಪಗ್ರಹದ ಚಿತ್ರಗಳನ್ನು ಆಧರಿಸಿ, ಸಹಜ ಕಾಡು ಉಳಿದ ಭಾಗವನ್ನು ಜನವಸತಿಯ ಭಾಗದಿಂದ ಬೇರ್ಪಡಿಸಿ, ೨೦೧೩ರಲ್ಲಿ ಘಟ್ಟದ ಸುಮಾರು ೩೭ ಶೇಕಡಾ ಪ್ರದೇಶವನ್ನು ಮಾತ್ರ ಪರಿಸರ ಸೂಕ್ಷ್ಮವೆಂದು ಗುರುತಿಸಿತು. ಕರ್ನಾಟಕದ ಪಾಲು ಸುಮಾರು ೨೦,೬೬೮ ಚದರ ಕಿಲೋಮೀಟರು. ಅಲ್ಲಿ ಬೇಡವೆಂದದ್ದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯುವಿಕೆ, ಅತಿ ಮಾಲಿನ್ಯದ ಕಾರ್ಖಾನೆ, ಉಷ್ಣವಿದ್ಯುತ್ ಸ್ಥಾವರ ಮತ್ತು ಬೃಹತ್ ಕಟ್ಟಡಗಳನ್ನು, ತೋಟ ಗದ್ದೆಗಳನ್ನಲ್ಲ. ಈ ವರದಿಯ ಆಧಾರದಿಂದ ಕೇಂದ್ರವು ೨೦೧೪, ೨೦೧೫, ೨೦೧೭, ೨೦೧೮, ೨೦೨೨ ಮತ್ತು ೨೦೨೪ರಲ್ಲಿ ಆರು ಬಾರಿ ಕರಡು ಅಧಿಸೂಚನೆಯನ್ನು ಹೊರಡಿಸಿತು. ಆರನೆಯದು ಹೊರಟದ್ದು ೨೦೨೪ರ ಜುಲೈ ೩೧ರಂದು. ವಯನಾಡಿನ ಗುಡ್ಡಕುಸಿತದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದ ಮರುದಿನ. ಅದಕ್ಕೆ ಎರಡು ವಾರ ಹಿಂದೆ, ಜುಲೈ ೧೬ರಂದು, ನಮ್ಮ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾಗಿತ್ತು. ಇಷ್ಟಾದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನವನ್ನು ಮಾಡಿತು.

"ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ, ಇಬ್ಬರದು ಎರಡು ವರದಿ" ಎಂದು ಕೆಲವರು ಹೇಳುತ್ತಾರೆ. ಭಿನ್ನಾಭಿಪ್ರಾಯವಿತ್ತು, ನಿಜ. ಆದರೆ ಅತಿಸೂಕ್ಷ್ಮ ಪ್ರದೇಶದಲ್ಲಿ ಗಣಿ ಕ್ವಾರಿಗಳು ಕೂಡವೆಂಬುದರಲ್ಲಿ ಇಬ್ಬರದೂ ಒಂದೇ ಮಾತು. ಇಬ್ಬರು ಪರಿಶೋಧಕರೂ ಒಂದೇ ಕಲಮಿಗೆ ಕೆಂಪು ಗೆರೆ ಎಳೆದಿರುವಾಗ, ಉಳಿದ ಕಲಮುಗಳಲ್ಲಿ ಅವರಿಗೆ ಭಿನ್ನಮತವಿದೆಯೆಂದು ಹೇಳಿ ಕೆಂಪು ಗೆರೆಯನ್ನೂ ಅಳಿಸಿಹಾಕುವ ವ್ಯವಸ್ಥಾಪಕನನ್ನು ನಾವು ನಮ್ಮ ಅಂಗಡಿಯಲ್ಲಿ ಒಂದು ದಿನವಾದರೂ ಇಟ್ಟುಕೊಳ್ಳುವೆವೇ?

ಗೇರುಸೊಪ್ಪೆಯ ಬಸದಿಯ ನೆರೆಯಲ್ಲಿ

ಇನ್ನು ನಮ್ಮ ಸಮಾಜಕ್ಕೆ ತೀರ ಹತ್ತಿರದ ವಿಷಯಕ್ಕೆ ಬರೋಣ. ಶರಾವತಿಯ ದಂಡೆಯ ಗೇರುಸೊಪ್ಪೆಯಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿಯಿದೆ. ಹದಿನಾರನೆಯ ಶತಮಾನದಲ್ಲಿ ಈ ಸೀಮೆಯನ್ನಾಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಆ ಮೆಣಸು ಈ ಮಳೆಕಾಡಿನ ಬಳ್ಳಿ. ಕಾಡಿನ ಆಶ್ರಯದಲ್ಲಿ ಬೆಳೆದ ಫಲವನ್ನು ಕೊಯ್ದು ಮಾರಿದ ವ್ಯಾಪಾರದಿಂದ ಆ ರಾಜ್ಯ ಬದುಕಿತು, ಬಸದಿಗಳು ಎದ್ದವು.

ಇಂದು ಅದೇ ಕಣಿವೆಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ೨,೦೦೦ ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಟ್ಟಿದೆ. ಮೇಲಿನ ತಲಕಳಲೆ ಜಲಾಶಯದಿಂದ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೆ ಸುರಂಗದ ಮೂಲಕ ನೀರು ಇಳಿಸಿ ವಿದ್ಯುತ್ ತೆಗೆಯುವುದು, ಬೇಡಿಕೆ ಕಡಿಮೆಯಿರುವಾಗ ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪು ಮಾಡುವುದು ಅದರ ಕ್ರಮ. ಯೋಜನೆಯ ಸ್ಥಳವು ೨೦೧೯ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗಿದೆ. ೨೦೨೫ರಲ್ಲಿ ಸಾರ್ವಜನಿಕ ಆಲಿಕೆ ನಡೆದಾಗ ಸ್ಥಳೀಯರಿಂದ ತೀವ್ರ ವಿರೋಧವೂ ಬಂದಿತು.

ಯೋಜನೆಯ ಪರವಾದ ವಾದವನ್ನು ನ್ಯಾಯವಾಗಿ ಹೇಳಬೇಕು. ಹಗಲಿನಲ್ಲಿ ಸೌರವಿದ್ಯುತ್ ಹೆಚ್ಚಾಗಿ ದೊರೆಯುತ್ತದೆ, ಸಂಜೆ ಬೇಡಿಕೆ ಏರುತ್ತದೆ. ಅಗ್ಗವಿದ್ದಾಗ ಕೊಂಡು ದಾಸ್ತಾನು ಮಾಡಿ, ಬೇಕಾದಾಗ ಹೊರತೆಗೆಯುವುದು ವರ್ತಕನಿಗೆ ಅರ್ಥವಾಗದ ವಿಷಯವೇನಲ್ಲ. ಕಲ್ಲಿದ್ದಲು ಸುಡುವುದನ್ನು ತಗ್ಗಿಸಬೇಕಾದರೆ ಇಂಥ ದಾಸ್ತಾನು ಬೇಕೇ ಬೇಕು. ಆದರೆ ಈ ದಾಸ್ತಾನಿನಲ್ಲಿ ಹಾಕಿದ್ದೆಲ್ಲ ಮರಳಿ ಬರುವುದಿಲ್ಲ. ಮೇಲಕ್ಕೆತ್ತಲು ವ್ಯಯಿಸಿದ ವಿದ್ಯುತ್ತಿನಲ್ಲಿ ಸುಮಾರು ಐದನೆಯ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ನಷ್ಟವಾಗುತ್ತದೆ. ಅದನ್ನು ವ್ಯಾಪಾರದ ಖರ್ಚೆಂದು ಒಪ್ಪೋಣ. ಉಳಿಯುವ ಪ್ರಶ್ನೆ ಉಗ್ರಾಣದ ಬಾಡಿಗೆಯದು. ಆ ಉಗ್ರಾಣವನ್ನು ಸಿಂಗಳೀಕದ ಕಾಡಿನಲ್ಲಿಯೇ ಏಕೆ ಕಟ್ಟಬೇಕು? ಬಯಲುಸೀಮೆಯ ಬೋಳುಗುಡ್ಡಗಳಲ್ಲಿ, ಬಳಕೆ ಮುಗಿದ ಗಣಿಹೊಂಡಗಳಲ್ಲಿ, ಬ್ಯಾಟರಿಗಳಲ್ಲಿ ಇದೇ ಕೆಲಸವನ್ನು ಎಷ್ಟರಮಟ್ಟಿಗೆ, ಎಷ್ಟು ವೆಚ್ಚದಲ್ಲಿ ಮಾಡಬಹುದು? ಈ ತುಲನೆಯು ಸ್ಥಳವನ್ನು ಆರಿಸುವ ಮುನ್ನ ಆಗಬೇಕಾದದ್ದು. ಸ್ಥಳ ನಿಶ್ಚಯವಾದ ಮೇಲೆ ಕೇಳಿದರೆ ಅದು ಅಧ್ಯಯನವಾಗದು, ಸಮರ್ಥನೆಯಾದೀತು.

ಆ ಬಾಡಿಗೆಯನ್ನು ಸರ್ಕಾರವು ಹೇಗೆ ಕಟ್ಟುತ್ತದೆಂಬುದನ್ನೂ ನೋಡೋಣ. ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಟ್ಟುಕೊಡುವಾಗ ಅದರ ನಿವ್ವಳ ಪ್ರಸಕ್ತ ಮೌಲ್ಯವನ್ನು ವಸೂಲು ಮಾಡುತ್ತಾರೆ. ೨೦೨೨ರಲ್ಲಿ ಪರಿಷ್ಕರಿಸಿದ ದರದಂತೆ ಅತ್ಯುತ್ತಮ ದಟ್ಟಕಾಡಿಗೆ ಹೆಕ್ಟೇರಿಗೆ ಸುಮಾರು ೧೬ ಲಕ್ಷ ರೂಪಾಯಿ. ಒಂದು ಹೆಕ್ಟೇರೆಂದರೆ ಸುಮಾರು ೧,೦೭,೬೦೦ ಚದರಡಿ. ಭಾಗಿಸಿ ನೋಡಿ: ಚದರಡಿಗೆ ೧೫ ರೂಪಾಯಿ. ಅಭಯಾರಣ್ಯವಾದರೆ ಅದರ ಐದು ಪಟ್ಟು, ಅಂದರೆ ೭೫ ರೂಪಾಯಿ. ಜಯನಗರದಲ್ಲಿ ಚದರಡಿಗೆ ಎಷ್ಟು ಸಾವಿರವೆಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಸಾವಿರಾರು ವರ್ಷ ಬೆಳೆದ, ಮತ್ತೊಮ್ಮೆ ನೆಡಲಾಗದ ಕಾಡಿನ ಬೆಲೆ ನಮ್ಮ ಮನೆಯ ನೆಲಕ್ಕೆ ಹಾಸುವ ಟೈಲ್ಸಿನ ಬೆಲೆಯ ಮಟ್ಟದಲ್ಲಿದೆ. ಅಸಲನ್ನು ಇಷ್ಟು ಅಗ್ಗವಾಗಿ ಬರೆದಿಟ್ಟರೆ ಯಾವ ಯೋಜನೆ ತಾನೆ ಲಾಭದಾಯಕವಾಗಿ ಕಾಣದು?

ಮೂಲ ದೋಷ ಇನ್ನೂ ಒಂದಿದೆ. ನಮ್ಮ ದೇಶದ ೨೦೦೬ರ ಅಧಿಸೂಚನೆಯ ಪದ್ಧತಿಯಲ್ಲಿ ಪರಿಸರ ಪರಿಣಾಮದ ವರದಿಯನ್ನು ಸಿದ್ಧಪಡಿಸುವ ಸಲಹೆಗಾರರನ್ನು ನೇಮಿಸಿ ಹಣ ಕೊಡುವವನು ಯೋಜನೆಯನ್ನು ಮಾಡಹೊರಟವನೇ. ಕಂಪನಿ ಕಾಯಿದೆಯಲ್ಲಿ ಲೆಕ್ಕಪರಿಶೋಧಕನನ್ನು ವಾರ್ಷಿಕ ಸಭೆಯಲ್ಲಿ ಷೇರುದಾರರು ನೇಮಿಸುತ್ತಾರೆ. ಹಣ ಖರ್ಚುಮಾಡುವ ವ್ಯವಸ್ಥಾಪಕನು ತನ್ನ ಪರಿಶೋಧಕ ಯಾರೆಂದು ತಾನೇ ನಿರ್ಧರಿಸಬಾರದೆಂಬ ವಿವೇಕ ಅದರ ಹಿಂದಿದೆ. ಒಂದು ಜವಳಿ ಕಂಪನಿಗೆ ಬೇಕೆನಿಸಿದ ಈ ಎಚ್ಚರ ಸಹಸ್ರಾರು ವರ್ಷಗಳ ಕಾಡಿಗೆ ಬೇಡವಾಯಿತೇ? ಸಲಹೆಗಾರರ ಶುಲ್ಕವನ್ನು ಯೋಜನೆಯವರು ಸ್ವತಂತ್ರ ನಿಧಿಯೊಂದಕ್ಕೆ ಕಟ್ಟಲಿ, ಆ ನಿಧಿಯು ತಜ್ಞರನ್ನು ನೇಮಿಸಲಿ. ಇಷ್ಟೊಂದು ಸುಧಾರಣೆಯಾದರೂ ವಿಜ್ಞಾನವು ಗುಮಾಸ್ತಿಕೆಯಿಂದ ಬಿಡುಗಡೆ ಹೊಂದೀತು.

ಮಲೆನಾಡಿನವರ ಬದುಕಿನ ಪ್ರಶ್ನೆ

"ಕಾಡು ಉಳಿಸಿ ಎಂದು ಬೆಂಗಳೂರಿನಿಂದ ಹೇಳುವುದು ಸುಲಭ; ಅಲ್ಲಿನವರಿಗೆ ಆಸ್ಪತ್ರೆ, ರಸ್ತೆ, ಉದ್ಯೋಗ ಬೇಡವೇ?" ಎಂಬ ಆಕ್ಷೇಪವು ನ್ಯಾಯವಾದದ್ದು. ಖಂಡಿತ ಬೇಕು. ಆದರೆ ಗಣಿ, ಸುರಂಗ, ಆರು ಪಥದ ಹೆದ್ದಾರಿಗಳು ಮಲೆನಾಡಿನ ಹಳ್ಳಿಗೆ ಆಸ್ಪತ್ರೆಯನ್ನು ತರಲಿಲ್ಲವೆಂಬುದನ್ನು ಶರಾವತಿಯ ಸಂತ್ರಸ್ತರೇ ಹೇಳುತ್ತಾರೆ. ವಿಜ್ಞಾನವನ್ನು ಅಲ್ಲಿನ ಜನರ ಪಕ್ಷದಲ್ಲಿ ನಿಲ್ಲಿಸಬೇಕು: ಯಾವ ಇಳಿಜಾರಿನಲ್ಲಿ ಮನೆ ಕಟ್ಟಬಹುದು, ರಸ್ತೆಗೆ ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಬೇಕು, ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಮದ್ದೇನು, ಮೆಣಸು, ಜೇನು, ಉಪ್ಪಾಗೆ, ಮುರುಗಲುಗಳನ್ನು ಕಾಡಿಗೆ ಕೇಡಾಗದಂತೆ ಎಷ್ಟು ಕೊಯ್ಯಬಹುದು, ಒಳ್ಳೆಯ ಬೆಲೆಗೆ ಹೇಗೆ ಮಾರಬಹುದು ಎಂಬುದಕ್ಕೆ ಉತ್ತರ ಹುಡುಕಲು. ಕಾಡನ್ನು ಉಳಿಸಿಕೊಂಡ ಹಳ್ಳಿಗೆ ಕೆಳಗಿನ ನಗರವು ಪ್ರತಿವರ್ಷ ಹಣ ಕೊಡಲಿ; ನೀರಿನ ಬಿಲ್ಲಿನಲ್ಲಿ ಅದಕ್ಕೊಂದು ಕಲಮು ಇರಲಿ. ಅದು ದಾನವಲ್ಲ, ನಾವು ಇದುವರೆಗೆ ಕೊಡದ ಬಾಕಿ.

ಶ್ರಾವಕರೂ ಬಸದಿಯ ಟ್ರಸ್ಟುಗಳೂ ಮಾಡಬೇಕಾದದ್ದು

ಶ್ರಾವಕಾಚಾರ ಗ್ರಂಥಗಳು ಗೃಹಸ್ಥ ವರ್ತಕನು ಬಿಡಬೇಕಾದ ಹದಿನೈದು ಕ್ರೂರಕರ್ಮಗಳನ್ನು ಹೆಸರಿಸುತ್ತವೆ. ಕಾಡು ಕಡಿದು ಮಾರುವ ವನಕರ್ಮ, ನೆಲವನ್ನು ಒಡೆಯುವ ಸ್ಫೋಟಕರ್ಮ, ಕಾಡಿಗೆ ಬೆಂಕಿಯಿಡುವ ದವದಾನ, ಕೆರೆಕೊಳಗಳನ್ನು ಬತ್ತಿಸುವ ಸರಃಶೋಷಣ ಇವೆಲ್ಲ ಆ ಪಟ್ಟಿಯಲ್ಲಿವೆ. ಗಮನಿಸಿ, ಇವು ತಟ್ಟೆಯಲ್ಲಿನ ಆಹಾರದ ನಿಯಮಗಳಲ್ಲ, ವ್ಯಾಪಾರದ ನಿಯಮಗಳು. ಗಡ್ಡೆಗೆಣಸನ್ನು ಬಿಟ್ಟ ನಾವು ಕ್ವಾರಿಯ ಷೇರನ್ನು ಬಿಟ್ಟಿದ್ದೇವೆಯೇ? ಕುಡಿಯುವ ನೀರನ್ನು ಸೋಸುವ ನಾವು ಆ ನೀರಿನ ನದೀಮೂಲವನ್ನು ಬತ್ತಿಸುವ ಉದ್ಯಮದಲ್ಲಿ ಹೂಡಿದ ಹಣವನ್ನು ಸೋಸಿದ್ದೇವೆಯೇ?

ಕಾಡ್ಗಿಚ್ಚಿನಲ್ಲಿ ಸಿಲುಕಿದ ಕುರುಡ ಮತ್ತು ಹೆಳವರ ಹಳೆಯ ದೃಷ್ಟಾಂತವು ನಮ್ಮೆಲ್ಲರಿಗೂ ಪರಿಚಿತ. ಓಡಬಲ್ಲವನಿಗೆ ಕಣ್ಣಿಲ್ಲ, ಕಾಣಬಲ್ಲವನಿಗೆ ಕಾಲಿಲ್ಲ. ಬೇರೆಬೇರೆಯಾದರೆ ಇಬ್ಬರಿಗೂ ಸಾವು. ಜ್ಞಾನವಿಲ್ಲದ ಆಚರಣೆಯೂ ಆಚರಣೆಯಿಲ್ಲದ ಜ್ಞಾನವೂ ನಿಷ್ಫಲವೆಂಬುದು ಅದರ ಸಾರ. ಈ ಕಾಲದ ಕಾಡಿನ ಮಟ್ಟಿಗೆ ಕಣ್ಣು ವಿಜ್ಞಾನದ್ದು, ಕಾಲು ನಮ್ಮದು. ಆದುದರಿಂದ ಟ್ರಸ್ಟುಗಳ ಮುಂದೆ ನಾಲ್ಕು ಕಾರ್ಯಗಳನ್ನು ಇಡುತ್ತೇನೆ.

ಮೊದಲನೆಯದಾಗಿ, ಜೀರ್ಣೋದ್ಧಾರಕ್ಕೂ ಹೊಸ ಕಟ್ಟಡಕ್ಕೂ ಮರ, ಕಲ್ಲು, ಮರಳು ಕೊಳ್ಳುವಾಗ ಅವು ಎಲ್ಲಿಂದ ಬಂದವು, ಪರವಾನಗಿ ಯಾವುದು ಎಂಬ ದಾಖಲೆಯನ್ನು ಟೆಂಡರಿನಲ್ಲಿಯೇ ಕೇಳಬೇಕು, ಇಲ್ಲದವರಿಂದ ಕೊಳ್ಳಬಾರದು. ಎರಡನೆಯದಾಗಿ, ವರ್ಷದ ಉಳಿತಾಯದಲ್ಲಿ ಒಂದು ಸಣ್ಣ ಪಾಲನ್ನು ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮೂರಿನ ಹಳ್ಳ, ಮಳೆ, ಕಾಡುಗಳನ್ನು ಅಳೆದು ಕನ್ನಡದಲ್ಲಿ ಬರೆಯುವ ಅಧ್ಯಯನಕ್ಕೆ ಮೀಸಲಿಡಬೇಕು. ಫಲಿತಾಂಶ ಹೀಗೇ ಇರಬೇಕೆಂಬ ಷರತ್ತನ್ನು ಮಾತ್ರ ಹಾಕಬಾರದು. ಮೂರನೆಯದಾಗಿ, ನಮ್ಮ ಬಸದಿ, ಛತ್ರ, ವಿದ್ಯಾರ್ಥಿನಿಲಯಗಳ ಚಾವಣಿಯ ಮಳೆನೀರನ್ನು ಹಿಡಿಯಬೇಕು. ನಗರದ ಜಲಮಂಡಳಿಯ ನಿಯಮವು ೨೦೦೯ರಿಂದಲೇ ಇದೆ. ಪಾಲನೆಯು ಕಾಗದದ ಮೇಲೆ ಆಗುತ್ತಿದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ೯೦೦ ಮಿಲಿಮೀಟರು ಮಳೆ ಬೀಳುತ್ತದೆ. ಹತ್ತು ಸಾವಿರ ಚದರಡಿಯ ಛತ್ರದ ಚಾವಣಿಯ ಮೇಲೆ ಅದು ಎಂಟು ಲಕ್ಷ ಲೀಟರಿಗೂ ಮಿಕ್ಕ ನೀರು. ಅದನ್ನು ಮೋರಿಗೆ ಬಿಟ್ಟು ಶರಾವತಿಯ ಕಡೆ ಕೈಚಾಚುವುದು ಯಾವ ನ್ಯಾಯ? ನಾಲ್ಕನೆಯದಾಗಿ, ಯಾವುದೇ ಯೋಜನೆಯ ಸಾರ್ವಜನಿಕ ಆಲಿಕೆಗೆ ಮೂವತ್ತು ದಿನಗಳ ಮುನ್ಸೂಚನೆಯೂ ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ನಿಯಮವಿದೆ. ಗೇರುಸೊಪ್ಪೆಯ ಬಸದಿಯ ಬಗ್ಗೆ ಅಭಿಮಾನಪಡುವ ಟ್ರಸ್ಟುಗಳು ಆ ಸಾರಾಂಶವನ್ನು ತರಿಸಿ ಓದಿ, ಲಿಖಿತವಾಗಿ ಪ್ರಶ್ನೆ ಕಳುಹಿಸಬೇಕು. ಕಾಗದವೊಂದಕ್ಕೆ ತಗಲುವ ಖರ್ಚು ಉತ್ಸವದ ದಿನದ ಹೂವಿನ ಹಾರಕ್ಕಿಂತ ಹೆಚ್ಚಲ್ಲ.

ವಿಜ್ಞಾನವು ನಮಗಾಗಿ ತೀರ್ಮಾನ ಮಾಡುವುದಿಲ್ಲ. ಯಾವುದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದನ್ನು ಮುಂದಾಗಿ ಹೇಳುತ್ತದೆ. ತೆರಬೇಕೇ ಬೇಡವೇ ಎಂಬುದು ನಮ್ಮ ವಿವೇಕಕ್ಕೆ, ಧರ್ಮಕ್ಕೆ ಬಿಟ್ಟದ್ದು. ಆದರೆ ಬೆಲೆಯನ್ನೇ ಕೇಳದೆ ಕೊಂಡವನು, ಬಿಲ್ಲು ಬಂದಾಗ ತನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಕೊಡಗಿನಲ್ಲಿ ೨೦೧೮ರಲ್ಲಿ, ಶಿರೂರು ವಯನಾಡುಗಳಲ್ಲಿ ೨೦೨೪ರಲ್ಲಿ ಬಿಲ್ಲು ಬಂದಿದೆ. ಅದನ್ನು ತೆತ್ತವರು ನಾವಲ್ಲ, ಗುಡ್ಡದ ಕೆಳಗಿದ್ದ ಬಡವರು. ಮುಂದಿನ ಆಡಳಿತ ಮಂಡಳಿಯ ಸಭೆಯ ಕಾರ್ಯಸೂಚಿಯಲ್ಲಿ ಮೇಲಿನ ನಾಲ್ಕರಲ್ಲಿ ಒಂದನ್ನಾದರೂ ಸೇರಿಸುವಂತೆ ಪ್ರತಿಯೊಂದು ಟ್ರಸ್ಟಿನ ಕಾರ್ಯದರ್ಶಿಗಳನ್ನು ವಿನಂತಿಸುತ್ತೇನೆ.